ಕಾಡವ್ವ ಹಾಕಿದ ಇಪ್ಪತ್ತೇಳು ಗಂಟು

ಮಿರಜಿನ ಆ ಆಸ್ಪತ್ರೆಯಲ್ಲಿ ಕೈಕಾಲು ಮುರಿದುಕೊಂಡ ಮಕ್ಕಳಿಗಾಗಿಯೇ ಒಂದು ವಾರ್ಡು ಇದೆ. ಹದಿನಾರು ಮಂಚ. ಅಲ್ಲಿಗೆ ಬಂದ ಮಗು ಎಷ್ಟು ದಿನಕ್ಕೆ ಮನೆಗೆ ಹೋದೀತು ಎಂದು ತಿಳಿಯಬೇಕಾದರೆ ಡಾಕ್ಟರನ್ನು ಕೇಳಬೇಕು; ಖಾತ್ರಿಯಾಗಿ ತಿಳಿಯಬೇಕಾದರೆ ಕಾಡವ್ವನನ್ನು ಕೇಳಬೇಕು. ಅಥಣಿ, ರಾಯಬಾಗ, ಜಮಖಂಡಿಗಳಿಂದ ಬರುವ ಜನಕ್ಕೆ ಈ ಸಂಗತಿ ಒಬ್ಬರಿಂದೊಬ್ಬರಿಗೆ ಗೊತ್ತಾಗಿಹೋಗಿತ್ತು. ಅವರ ಕನ್ನಡ ಬಲ್ಲ ಆಯಾ ಆ ವಾರ್ಡಿನಲ್ಲಿ ಅವಳೊಬ್ಬಳೇ. ಎಲ್ಲರೂ ಕರೆಯುತ್ತಿದ್ದುದು ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ ಎಂದು. ಕಾಡವ್ವ ಎಂಬ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ನೆನಪಿತ್ತು.

ಮಗು ಸ್ಟ್ರೆಚರಿನ ಮೇಲೆ ಬಂದಾಗ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಜೊತೆಗೆ ಬಂದ ಚೀಲದ ಮೇಲೆ. ಚೀಲದಲ್ಲಿ ಕನ್ನಡಿ, ಬಾಚಣಿಗೆ ಇದ್ದರೆ ಆ ತಾಯಿ ಇರಲು ಬಂದವಳು. ಬರೀ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಎರಡನೆಯ ದಿನಕ್ಕೇ ಜೀವ ಮನೆಯ ಕಡೆ ಎಳೆಯುತ್ತದೆ. ಆಮೇಲೆ ಮಾತಿಗೆ ಕೂರುತ್ತಿದ್ದಳು. ಮನೆ ಡಾಂಬರು ರಸ್ತೆಯಿಂದ ಎಷ್ಟು ದೂರ, ಹೊಸ್ತಿಲು ಎಷ್ಟು ಎತ್ತರ, ಎಮ್ಮೆ ಯಾವಾಗ ಈಯುತ್ತದೆ, ಅಜ್ಜಿ ಇದ್ದಾಳೆಯೇ, ಇದ್ದರೆ ಮಗುವನ್ನು ಎತ್ತುವ ಕಸುವು ಅವಳ ರಟ್ಟೆಯಲ್ಲಿದೆಯೇ. ಕೊನೆಗೆ ಮಗುವಿನ ಕಾಲ ಹೆಬ್ಬೆರಳನ್ನು ಒಮ್ಮೆ ಚಿವುಟಿ, ಅದು ಎಷ್ಟು ಸಿಟ್ಟಿನಿಂದ ಅರಚುತ್ತದೆ ಎಂದು ಕೇಳಿ, ಒಂದು ಅಂಕಿ ಹೇಳುತ್ತಿದ್ದಳು. ಸಿಟ್ಟು ಜಾಸ್ತಿ ಇದ್ದ ಮಕ್ಕಳು ಬೇಗ ಹೋಗುತ್ತವೆ ಎಂಬುದು ಅವಳ ಅನುಭವ.

ಅಂಕಿ ಹೇಳಿದ ಮೇಲೆ ಡ್ರೆಸಿಂಗಿನಲ್ಲಿ ಉಳಿದ ಬ್ಯಾಂಡೇಜ್ ಪಟ್ಟಿಯ ತುಂಡು ತಂದು, ಅಷ್ಟು ಗಂಟು ಹಾಕಿ, ಮಂಚದ ಸರಳಿಗೆ ಕಟ್ಟುತ್ತಿದ್ದಳು. ಮಗು ದಿನಾ ಮುಂಜಾನೆ ಒಂದೊಂದೇ ಗಂಟು ಬಿಚ್ಚಬೇಕು. ಪಟ್ಟಿ ನುಣ್ಣಗಾದ ದಿನ ಮನೆ. ವಾರ್ಡಿನ ಮಕ್ಕಳು ಹಲ್ಲುಜ್ಜುವುದನ್ನು ಮರೆತಾರು, ಗಂಟು ಬಿಚ್ಚುವುದನ್ನು ಮರೆಯುತ್ತಿರಲಿಲ್ಲ.

ಹೋಗುವ ದಿನಕ್ಕೂ ಅವಳದೊಂದು ಕಟ್ಟಳೆ ಇತ್ತು. ನಮ್ಮಲ್ಲಿ ಯಾರೂ ಬರೀ ಹೋಗುತ್ತೇನೆ ಎನ್ನುವುದಿಲ್ಲ. ಹೋಗಿ ಬರುತ್ತೇನೆ ಎನ್ನುತ್ತಾರೆ. ಆದರೆ ವಾರ್ಡಿನ ಬಾಗಿಲಲ್ಲಿ ಮಗು ಅಭ್ಯಾಸಬಲದಿಂದ "ಬರ್ತೀನಿ ಮಾವಶಿ" ಎಂದರೆ ಕಾಡವ್ವ ಅದರ ಬಾಯಿ ಮುಚ್ಚುತ್ತಿದ್ದಳು. "ಏ, ಇಲ್ಲಿಗೇನು ಬರ್ತಿ? ಹೊಕ್ಕೀನಿ ಅನ್ನು." ಮಗು ಹಾಗೆಯೇ, ಬರೀ ಹೋಗುತ್ತೇನೆ ಎಂದು ಹೋಗುತ್ತಿತ್ತು. ಮೂವತ್ತು ವರ್ಷಗಳಲ್ಲಿ ಹಾಗೆ ಹೋದ ಮಕ್ಕಳು ಎಷ್ಟೋ. ಅವರು ಯಾರೂ ತಿರುಗಿ ಬರಬಾರದೆಂದು ಅವಳೇ ಹರಸಿ ಕಳಿಸಿದ್ದಳು, ಅವರು ಬಂದಿರಲೂ ಇಲ್ಲ. ಒಮ್ಮೊಮ್ಮೆ ಮಧ್ಯಾಹ್ನ ಖಾಲಿ ಮಂಚದ ಮೇಲೆ ಹಾಸಿಗೆ ಬದಲಿಸುವಾಗ, ಆ ಹರಕೆ ಇಷ್ಟು ಗಟ್ಟಿಯಾಗಿ ಫಲಿಸಬಾರದಿತ್ತು ಅನ್ನಿಸುತ್ತಿತ್ತು.

ಈ ಲೆಕ್ಕ ಅವಳಿಗೆ ಹತ್ತಿದ್ದು ಎಂಟನೆಯ ವಯಸ್ಸಿನಲ್ಲಿ. ಅಥಣಿಯಾಚೆಯ ಹಳ್ಳಿಯಲ್ಲಿ ಚಕ್ಕಡಿಯ ಗಾಲಿ ಕಾಲ ಮೇಲೆ ಹರಿದು, ಅಪ್ಪ ಅವಳನ್ನು ಹೊತ್ತು ಮಿರಜಿಗೆ ತಂದಿದ್ದ. "ಎಂಟ್ ದಿನ, ಅಷ್ಟ" ಎಂದು ಹೇಳಿ ಕೂಲಿಗೆ ಹೋದ. ಅವಳಿಗೆ ಎಂಟರವರೆಗೆ ಎಣಿಸಲು ಬರುತ್ತಿತ್ತು. ಎಣಿಸಿದಳು. ಎಂಟನೆಯ ದಿನ ಸ್ಟೇಷನ್ನಿನ ಕಡೆಯಿಂದ ಕೇಳಿದ ಪ್ರತಿ ರೈಲಿನ ಸಿಳ್ಳಿಗೂ ಅವಳು ಕೂದಲು ನೇವರಿಸಿಕೊಂಡು ಬಾಗಿಲು ನೋಡಿದಳು. ಅಪ್ಪ ಬಂದದ್ದು ನಲವತ್ತೊಂದನೆಯ ದಿನ. ಅವನ ತಪ್ಪೇನಿರಲಿಲ್ಲ. ಅವನಿಗೆ ಯಾರೋ ಎಂಟು ಅಂದಿದ್ದರು, ಅವನೂ ಎಂಟು ಅಂದಿದ್ದ. ಮುಂದೆ ಅದೇ ಮಿರಜಿನ ಸೊಸೆಯಾಗಿ, ಆಯಾ ಆಗಿ, ಕೈಗೆ ಪೊರಕೆ ಹಿಡಿದು ವಾರ್ಡಿಗೆ ಬಂದ ಮೊದಲ ದಿನವೇ ಅವಳು ನಿಶ್ಚಯಿಸಿದ್ದಳು: ಇಲ್ಲಿ ಮಕ್ಕಳಿಗೆ ಸುಳ್ಳು ಅಂಕಿ ಹೇಳಬಾರದು.

ಎರಡು ವರ್ಷದ ಹಿಂದೆ ಸೌರಭ ಎಂಬ ಹುಡುಗ ಡಾಕ್ಟರು ಅದೇ ವಿಷಯದ ಮೇಲೆ ಪ್ರಬಂಧ ಬರೆಯಲು ವಾರ್ಡಿಗೆ ಬಂದ. ಪೆಟ್ಟಾದ ಮಕ್ಕಳು ಆಸ್ಪತ್ರೆಯಲ್ಲಿ ಎಷ್ಟು ದಿನ ಉಳಿಯುತ್ತಾರೆಂದು ಮೊದಲ ದಿನವೇ ಹೇಳಬಲ್ಲ ಲೆಕ್ಕ ಅವನಿಗೆ ಬೇಕಿತ್ತು. ವಯಸ್ಸು, ಬಿದ್ದ ಎತ್ತರ, ಮುರಿದ ಎಲುಬು, ರಕ್ತದ ಪರೀಕ್ಷೆ, ಊರಿನ ದೂರ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಉಣಿಸಿದರೆ ಅದೊಂದು ಅಂಕಿ ಕೊಡುತ್ತಿತ್ತು. ಸೌರಭ ಸಾಂಗಲಿ ಪೇಟೆಯ ಅರಿಶಿನದ ವ್ಯಾಪಾರಿ ಬಸಲಿಂಗಪ್ಪನವರ ಮೊಮ್ಮಗ. ಅಜ್ಜನ ಕನ್ನಡ ಅವನಿಗೆ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಬರುವಾಗ ಅರ್ಧ ಮರಾಠಿಯಾಗುತ್ತಿತ್ತು.

"ಮಾವಶಿ, ನಾಕನೇ ಕಾಟ್ ಎಷ್ಟು?"

"ನಿಮ್ಮ ಪೆಟಗಿ ಏನ್ ಅಂತೈತ್ರಿ?"

"ಹತ್ತು."

"ಹನ್ನೊಂದು ಹಾಕ್ರಿ."

"ಕಾ? ಯಾಕ?"

"ಹತ್ತನೇ ದಿನ ಅಮಾಸಿ ಐತಲ್ರಿ ಡಾಕ್ಟರ. ಅಮಾಸಿ ದಿನ ಕೂಸಿನ್ನ ಯಾರ್ ಮನಿಗೆ ಒಯ್ತಾರು? ನಿಮ್ಮ ಪೆಟಗ್ಯಾಗ ಕ್ಯಾಲೆಂಡರ್ ಇಲ್ಲೇನು?"

ಸೌರಭ ನಕ್ಕ. ಆ ಮಂಚದ ಹುಡುಗ ಮನೆಗೆ ಹೋದದ್ದು ಹನ್ನೊಂದನೆಯ ದಿನವೇ. ಮರುದಿನ ಸೌರಭನ ಲೆಕ್ಕದಲ್ಲಿ ಅಮಾವಾಸ್ಯೆಗೆ ಒಂದು ಅಂಕಣ ಸೇರಿತು. ಅಂದಿನಿಂದ ಅವನ ಪಟ್ಟಿಯಲ್ಲಿ ಯಂತ್ರದ ಅಂಕಿಯ ಪಕ್ಕದಲ್ಲಿ ಮಾವಶಿಯ ಅಂಕಿಗೂ ಜಾಗವಾಯಿತು. ಎರಡೂ ಬೇರೆಯಾದಾಗ ಅವನು ಅವಳದನ್ನೇ ನಂಬುತ್ತಿದ್ದ.

ಕಾಡವ್ವನ ನಿವೃತ್ತಿಗೆ ಇನ್ನು ತಿಂಗಳ ಮೇಲೆ ಕೆಲವು ದಿನ ಉಳಿದಿದ್ದಾಗ ವಾರ್ಡಿಗೆ ಪ್ರಣಾಲಿ ಬಂದಳು.

ಏಳು ವರ್ಷದ ಹುಡುಗಿ. ಅಪ್ಪ ಸತ್ಯಪ್ಪ ಬೇಡಗದ ದ್ರಾಕ್ಷಿ ತೋಟಗಳಲ್ಲಿ ಕೂಲಿ. ಅವ್ವ ಎರಡನೆಯ ಹೆರಿಗೆಗೆಂದು ಲಿಂಗನೂರಿನ ತವರಿಗೆ ಬಂದವಳು ಮಿರಜಿನಲ್ಲಿ ಹೆತ್ತು, ಮೂರನೆಯ ದಿನ ಗಾಡಿಯಲ್ಲಿ ಮರಳಿ ತವರಿಗೆ ಹೊರಟಿದ್ದಳು. ತಮ್ಮನ ಮೋರೆಯನ್ನು ಎಲ್ಲರಿಗಿಂತ ಮೊದಲು ನೋಡಬೇಕೆಂದು ಪ್ರಣಾಲಿ ಅಜ್ಜಿಯ ಮಾಳಿಗೆ ಹತ್ತಿ ನಿಂತಿದ್ದಳು. ಗಾಡಿ ಕಂಡದ್ದೇ ಕುಣಿದಳು. ಕೆಳಗೆ ಬಿದ್ದಳು. ಬಾಣಂತಿಯನ್ನು ಇಳಿಸಿದ ಗಾಡಿ ಇವಳನ್ನು ಹಾಕಿಕೊಂಡು ಬಂದ ದಾರಿಯಲ್ಲೇ ಮಿರಜಿಗೆ ತಿರುಗಿತು. ತೊಡೆಯ ಎಲುಬು ಮುರಿದಿತ್ತು, ಮೇಲೊಂದು ಆಳವಾದ ಗಾಯ. ತಮ್ಮನದು ಅವಳು ನೋಡಿದ್ದು ಹಳದಿ ದುಪ್ಪಟಿಯ ಒಂದು ಅಂಚು ಮಾತ್ರ.

ಸ್ಟ್ರೆಚರಿನ ಮೇಲೆ ಮಲಗಿದ್ದ ಹುಡುಗಿ ಕಾಡವ್ವನ ಸೆರಗು ಹಿಡಿದು ಕೇಳಿದ ಮೊದಲ ಮಾತು: "ಯವ್ವಾ, ನನ್ನ ಕಾಲು ನನ್ನ ಜೋಡಿ ಬಂದೈತಿಲ್ಲೋ ನೋಡ."

ಕಾಡವ್ವನ ಕೈ ಅಲ್ಲೇ ನಿಂತಿತು. ನಾಲ್ಕು ವರ್ಷದ ಹಿಂದೆ ಗಂಡ ಲಗಮಣ್ಣ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಕನ್ನಡ ನಿಂತುಹೋಗಿತ್ತು. ಮಗ ಭೂಷಣ ಸ್ಟೇಷನ್ನಿನ ಮುಂದೆ ರಿಕ್ಷಾ ಓಡಿಸುತ್ತಾನೆ. ಒಳ್ಳೆಯ ಮಗ, ಒಳ್ಳೆಯ ಸೊಸೆ, ಎರಡು ಮೊಮ್ಮಕ್ಕಳು. ಅವಳು ಕನ್ನಡದಲ್ಲಿ ಕೇಳಿದರೆ ಮೊಮ್ಮಕ್ಕಳು ಮರಾಠಿಯಲ್ಲಿ ಉತ್ತರಿಸುತ್ತವೆ. ತಿಳಿಯದೆ ಏನಲ್ಲ, ಬಾಯಿಗೆ ಹತ್ತುವುದಿಲ್ಲ. ವಾರ್ಡಿಗೆ ಬರುವ ಕನ್ನಡದ ತಾಯಂದಿರು ಬೇನೆ, ಗುಳಿಗೆ, ಬಸ್ಸು ಇಷ್ಟನ್ನೇ ಮಾತಾಡುತ್ತಾರೆ. ಲಗಮಣ್ಣ ಅವಳನ್ನು ಬೈಯುತ್ತಿದ್ದ. ಆ ಬೈಗುಳಗಳಾದರೂ ಒಮ್ಮೆ ಕಿವಿಗೆ ಬಿದ್ದಿದ್ದರೆ ಎಂದು ಅನ್ನ ಬಸಿಯುವಾಗ ಅನ್ನಿಸಿ ಅವಳಿಗೆ ನಗು ಬರುತ್ತಿತ್ತು.

ಪ್ರಣಾಲಿ ಮಾತಿನ ಮಳೆ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರೂ ಬಾಯಿಗೆ ಯಾರೂ ಏನೂ ಕಟ್ಟಿರಲಿಲ್ಲ. ಅಜ್ಜಿಯ ಜೊತೆ ಬೆಳೆದವಳಾದ್ದರಿಂದ ಅಜ್ಜಿಯ ಮಾತೆಲ್ಲ ಅವಳ ನಾಲಿಗೆಯ ಮೇಲಿತ್ತು. ನಿಚ್ಚಣಿಕಿ ಅನ್ನುತ್ತಿದ್ದಳು, ಬೆಳಕಿಂಡಿ ಅನ್ನುತ್ತಿದ್ದಳು, ಒಂದರ ಮೇಲೊಂದು ಪೇರಿಸಿದ ಮಡಕೆಗಳಿಗೆ ಅಡಕಲ ಗಡಿಗಿ ಅನ್ನುತ್ತಿದ್ದಳು. ಒಂದೊಂದು ಮಾತಿಗೂ ಕಾಡವ್ವನ ಕಣ್ಣೆದುರು ಒಂದೊಂದು ವಸ್ತು ಬಂದು ನಿಲ್ಲುತ್ತಿತ್ತು. ತನ್ನ ಅವ್ವ ನಿಚ್ಚಣಿಕೆಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಬೆಳಕಿಂಡಿಯ ಕೆಳಗೆ ಬಿಸಿಲಿನ ಒಂದು ದುಂಡು ತುಣುಕು ನೆಲದ ಮೇಲೆ ಮಲಗಿತ್ತು. ಐವತ್ತು ವರ್ಷದ ಹಿಂದಿನ ಮನೆಯನ್ನು ಈ ಹುಡುಗಿ ಕೋಣೆ ಕೋಣೆಯಾಗಿ ಮರಳಿ ಕಟ್ಟುತ್ತಿದ್ದಳು. ಮೊದಲ ಎರಡು ದಿನ ಕಾಡವ್ವ ಊಟದ ಬಿಡುವಿನಲ್ಲಿ ಹೊರಗೆ ಹೋಗಲಿಲ್ಲ. ಡಬ್ಬಿಯನ್ನು ಆ ಮಂಚದ ಪಕ್ಕದಲ್ಲೇ ಬಿಚ್ಚಿದಳು.

ಮೂರನೆಯ ದಿನ ಸತ್ಯಪ್ಪ ಕೇಳಿದ. "ಮಾವಶಿ, ಎಷ್ಟ್ ದಿನ ಆಗಬಹುದ್ರಿ? ನಿಮ್ಮ ಮಾತಂದ್ರ ಮಾತ ಅಂತಾರ ಎಲ್ಲಾರೂ."

ಕಾಡವ್ವನ ಒಳಗೆ ಅಂಕಿ ಆಗಲೇ ಎದ್ದು ಕೂತಿತ್ತು. ಹದಿನೆಂಟು. ಕಳೆದದ್ದು ಮೂರು, ಗಾಯ ಮಾಯಲು ಇನ್ನು ಹನ್ನೆರಡು, ಆ ದಿನವೇ ಪ್ಲಾಸ್ಟರು, ಅದು ಒಣಗಲು ಎರಡು ದಿನ, ಮರುದಿನ ಮನೆ. ಊರು ಹತ್ತಿರ, ಅಜ್ಜಿ ಗಟ್ಟಿ, ಹುಡುಗಿಯ ಸಿಟ್ಟು ಹೆಬ್ಬೆರಳು ಚಿವುಟಿದಾಗ ಇಡೀ ವಾರ್ಡಿಗೆ ಕೇಳಿಸಿತ್ತು. ಹದಿನೆಂಟು. ಅನುಮಾನವೇ ಇರಲಿಲ್ಲ.

"ಒಂದ್ ತಿಂಗಳು," ಅಂದಳು. "ಮೂವತ್ತು ದಿನ ಅನ್ರಿ."

ಅಂದದ್ದನ್ನು ಕೇಳಿ ಅವಳಿಗೇ ಬೆರಗಾಯಿತು. ಹಿಂತೆಗೆಯಲು ಹೊತ್ತಿತ್ತು. ಸತ್ಯಪ್ಪ ತಲೆ ಕೆರೆದುಕೊಂಡ.

"ಅಯ್ಯ ಶಿವನ. ನಮ್ಮ ಅತ್ತಿ ಏನಂದಾಳಂದ್ರ, ನಮ್ಮ ಪ್ರಣಾಲಿ ಇಪ್ಪತ್ತ್ ದಿನದಾಗ ಬರೂದಿದ್ರ ಕೂಸಿನ್ನ ಇಪ್ಪತ್ತೊಂದಕ್ಕ ತೊಟ್ಟಲಕ್ಕ ಹಾಕೂನು, ಅಕಿ ಬಂದ ಮ್ಯಾಲ ಹೆಸರಿಡೂನು. ಅದಕ್ಕೂ ತಡಾ ಆಗೂದಿದ್ರ ಹದಿಮೂರಕ್ಕ ಮುಗಿಸಿಬಿಡೂನು ಅಂತ. ಹೋಗ್ಲಿ ಬಿಡ್ರಿ. ಹದಿಮೂರಕ್ಕ ಮಾಡ್ತೇವಿ."

ಮಂಚದ ಮೇಲಿಂದ ಪ್ರಣಾಲಿ ಇಬ್ಬರ ಮೋರೆಯನ್ನೂ ನೋಡಿದಳು. "ನಾ ಇಲ್ದನ?"

"ವಿಡಿಯೋ ಕಳಸ್ತಾರವ್ವ."

"ಮತ್ತ ಅತ್ತಿ ಬೆನ್ನಿಗೆ ಯಾರು ಗುದ್ದೋರು?"

ಹೆಸರಿಡುವಾಗ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಣ್ಣುಮಕ್ಕಳು ಅವಳ ಬೆನ್ನ ಮೇಲೆ ದಬದಬ ಗುದ್ದುತ್ತಾರೆ. ಅಕ್ಕನಾಗಿ ಮೊದಲ ಗುದ್ದು ತನ್ನದೆಂದು ಪ್ರಣಾಲಿ ಹೆರಿಗೆಗೂ ಮುಂಚೆಯೇ ಕರಾರು ಮಾಡಿಕೊಂಡಿದ್ದಳು.

ಹದಿನೆಂಟು ಅನ್ನಬೇಕು, ಈಗಲೇ ಅನ್ನಬೇಕು ಎಂದು ಕಾಡವ್ವನಿಗೆ ಗೊತ್ತಿತ್ತು. ನಾಲಿಗೆ ಏಳಲಿಲ್ಲ. ಅವಳು ಬ್ಯಾಂಡೇಜ್ ಪಟ್ಟಿ ತಂದಳು. ಕಳೆದ ಮೂರು ದಿನ ಬಿಟ್ಟು ಇಪ್ಪತ್ತೇಳು ಗಂಟು ಹಾಕಿದಳು. ಹದಿನೈದನೆಯ ಗಂಟಿಗೆ ಬೆರಳು ಒಂದು ಕ್ಷಣ ತಡೆದವು. ಆಮೇಲೆ ಮುಂದೆ ಹೋದವು.

ಸಂಜೆ ಸೌರಭ ಲ್ಯಾಪ್‌ಟಾಪ್ ಹಿಡಿದು ಬಂದ. "ಮಾವಶಿ, ಏಳನೇ ಕಾಟ್‌ಗೆ ನನ್ನ ಪೆಟಗಿ ಹದಿನೆಂಟು ಹೇಳತದ. ನೀವು?"

"ಮೂವತ್ತು."

"ಇಷ್ಟು ಫರಕ್? ಅಮಾವಾಸ್ಯಾ ಘಾತಲೀ ಆಹೇ, ನಾ ಹಾಕೇನಿ ಅದನ್ನ." ಅವನು ಪರದೆಯನ್ನೇ ಅನುಮಾನದಿಂದ ನೋಡಿದ. "ಏನೋ ತಪ್ಪ್ಯಾದ ಇದರಾಗ. ಹುಡುಕತೀನಿ."

ಹನ್ನೆರಡು ದಿನದ ತಪ್ಪನ್ನು ಹುಡುಕುತ್ತಾ ಆ ಹುಡುಗ ಇಡೀ ವಾರ ಕೂತ.

ಸತ್ಯಪ್ಪ ಮರುದಿನವೇ ಕೂಲಿಯವರ ಗ್ಯಾಂಗಿನ ಜೊತೆ ಪಂಢರಪುರದ ಕಡೆಗೆ ಹೊರಟ. ದ್ರಾಕ್ಷಿ ಗೊನೆಗಳನ್ನು ಔಷಧಿಯಲ್ಲಿ ಅದ್ದುವ ಕೆಲಸ ವರ್ಷಕ್ಕೆ ಕೆಲವೇ ದಿನ. ತಪ್ಪಿಸಿದರೆ ಗ್ಯಾಂಗ್ ಕಟ್ಟುವ ಮುಕಾದಮ ಮುಂದಿನ ಸಲ ಕರೆಯುವುದಿಲ್ಲ. "ನೀವದೀರಿ ಅಂತ ಹೊಂಟೇನ್ರಿ ಮಾವಶಿ," ಎಂದು ಕೈ ಮುಗಿದ. ಪಕ್ಕದ ಮಂಚದ ಹುಡುಗನ ತಾಯಿ ಒಂದು ಕಣ್ಣಿಡುತ್ತೇನೆಂದಳು. ಸಿಸ್ಟರ್ ಮಂಗಲ ಗೊಣಗುತ್ತಾ ಕಾಗದದ ಮೇಲೆ ಸಹಿ ಮಾಡಿಸಿಕೊಂಡಳು. ಹೀಗೆ ಪ್ರಣಾಲಿ ಪೂರ್ತಿಯಾಗಿ ಕಾಡವ್ವನ ಪಾಲಿಗೆ ಬಂದಳು.

ಅದರ ಮುಂದಿನ ವಾರವನ್ನು ಕಾಡವ್ವ ಆಮೇಲೆ ನೆನೆಯುವಾಗೆಲ್ಲ ನಾಚಿಕೆಯ ಜೊತೆಗೇ ನೆನೆದಳು, ಆದರೆ ನೆನೆಯದೆ ಬಿಡಲಿಲ್ಲ. ಮುಂಜಾನೆ ಹುಡುಗಿಯ ತಲೆ ಬಾಚಿ ಎರಡು ಜಡೆ ಹಾಕುವಳು. ಮಧ್ಯಾಹ್ನ ರೊಟ್ಟಿ ಮುರಿದು ಕೊಡುವಳು. ಹುಡುಗಿ ಕಥೆ ಹೇಳುವಳು. ಅಜ್ಜಿಯ ಕೋಳಿ ಮೊಟ್ಟೆಯನ್ನು ನೆರೆಮನೆಯಲ್ಲಿಟ್ಟು ಬಂದು ಇಲ್ಲಿ ಕೂಗುವ ಕಥೆ, ಮಾಸ್ತರರ ಪಂಚೆ ಬೇಲಿಗೆ ಸಿಕ್ಕ ಕಥೆ. "ನೀ ನಡಕ ನಡಕ ಹೂಂ ಅನಬೇಕು. ಇಲ್ಲಂದ್ರ ಕತಿ ನಿಂದರತೈತಿ," ಎಂದು ಗದರುವಳು. ಕಾಡವ್ವ ಹೂಂ ಅನ್ನುವಳು. ಎಂದೋ ತನ್ನ ಅವ್ವನಿಗೆ ಅಂದ ಹೂಂ ಅದೇ ದನಿಯಲ್ಲಿ ಗಂಟಲಿನಿಂದ ಬರುವುದು.

ಹನ್ನೊಂದನೆಯ ದಿನ ಸಿಸ್ಟರ್ ಮಂಗಲಳ ಫೋನಿಗೆ ಲಿಂಗನೂರಿನಿಂದ ವಿಡಿಯೋ ಬಂತು. ಹಳದಿ ಸೀರೆ, ಹೂವಿನ ತೊಟ್ಟಿಲು, ಬಗ್ಗಿದ ಸೋದರತ್ತೆ, ಗುದ್ದುವ ಕೈಗಳು, ನಗು. ಕೂಸಿಗೆ ಸತ್ತ ಅಜ್ಜನ ಹೆಸರು: ಬಾಳು. ಪ್ರಣಾಲಿ ಮೂರು ಸಲ ನೋಡಿದಳು. ಮೂರನೆಯ ಸಲ ಪರದೆಯ ಮೇಲೆ ಬೆರಳಿಟ್ಟು, "ಇದು ಯಾರ ಕೈ? ಇದು ನಂದ ಇರಬೇಕಿತ್ತು," ಅಂದಳು. ಅಳಲಿಲ್ಲ. ಸರಳಿಗೆ ಕಟ್ಟಿದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಉಳಿದ ಗಂಟುಗಳನ್ನು ಎಣಿಸಿದಳು. ಹತ್ತೊಂಬತ್ತು. ಅಂದು ಕಥೆ ಇರಲಿಲ್ಲ.

ಹದಿನೈದನೆಯ ದಿನ ಪ್ಲಾಸ್ಟರು ಬಿತ್ತು. ಹದಿನೇಳನೆಯ ದಿನ ದೊಡ್ಡ ಡಾಕ್ಟರು ರೌಂಡಿಗೆ ಬಂದು, ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ, "ಉದ್ಯಾ ಘರೀ," ಅಂದರು. ನಾಳೆ ಮನೆಗೆ. ಹಿಂದೆ ನಿಂತಿದ್ದ ಸೌರಭ ಕಾಡವ್ವನ ಕಡೆ ನೋಡಿದ. ಅವಳು ನೆಲ ನೋಡಿದಳು.

ಸತ್ಯಪ್ಪ ಬರೆಸಿ ಹೋಗಿದ್ದ ಮುಕಾದಮನ ನಂಬರಿಗೆ ಫೋನು ಹತ್ತಲಿಲ್ಲ. ಅಜ್ಜಿ ಬಾಣಂತಿಯನ್ನು ಬಿಟ್ಟು ಬರುವ ಹಾಗಿರಲಿಲ್ಲ. ಅಪ್ಪನ ಸಹಿಯಿಲ್ಲದೆ ಮಗುವನ್ನು ಕಳಿಸುವ ಹಾಗೂ ಇರಲಿಲ್ಲ. ಹದಿನೆಂಟನೆಯ ದಿನ ಬೆಳಗಾಯಿತು. ಜಡೆ ಹಾಕಿಸಿಕೊಂಡು ಪ್ರಣಾಲಿ ಎಂದಿನಂತೆ ಒಂದು ಗಂಟು ಬಿಚ್ಚಿದಳು.

"ಇವತ್ತ ನಿನ್ನ ಮನಿಗೆ ಬಿಟ್ಟಾರ ಡಾಕ್ಟರು," ಕಾಡವ್ವ ಅಂದಳು.

ಹುಡುಗಿ ತಲೆಯಲ್ಲಾಡಿಸಿದಳು. "ಡಾಕ್ಟರು ತಪ್ಪಿರಬೇಕು. ಇನ್ನ ಹನ್ನೆರಡ ಗಂಟ ಅದಾವು ನೋಡ. ನಿನ್ನ ಲೆಕ್ಕ ತಪ್ಪೂದಿಲ್ಲ." ಹಾಗೆಂದು ಪಟ್ಟಿಯನ್ನು ಹುಷಾರಾಗಿ ಸರಳಿಗೆ ಸುತ್ತಿದಳು.

ಕಾಡವ್ವ ಸ್ಟೂಲಿನ ಮೇಲೆ ಕೂತಳು. ರೈಲಿನ ಸಿಳ್ಳು ಕೇಳಿಸಿತು. ದಿನಕ್ಕೆ ಎಷ್ಟೋ ಸಲ ಕೇಳಿಸುವುದೇ. ಆದರೆ ಅಂದು ಅವಳ ಕೈ ತಾನಾಗಿ ಕೂದಲು ನೇವರಿಸಿತು. ಎಂಟು ಎಂದ ಅಪ್ಪನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಅವಳು ಪಟ್ಟಿಯನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡು ಗಂಟುಗಳನ್ನು ಬಿಚ್ಚತೊಡಗಿದಳು. ಒಂದು, ಎರಡು, ಮೂರು. ಹುಡುಗಿ ಗಾಬರಿಯಾದಳು. "ಏ, ಏ! ದಿನಕ್ಕ ಒಂದ!"

"ಇವು ಖರೇ ಗಂಟಲ್ಲವ್ವ. ನಾ ಸುಳ್ಳ ಹಾಕಿದ್ನಿ. ಹದಿನೈದ ಹಾಕಬೇಕಿತ್ತು."

"ಯಾಕ?"

"ನೀ ಇರಲಿ ಅಂತ. ನಿನ್ನ ಮಾತು ಕೇಳಾಕ."

ಪ್ರಣಾಲಿ ಅವಳನ್ನು ನೋಡಿದಳು. ಆ ಪುಟ್ಟ ಮುಖದಲ್ಲಿ ಲೆಕ್ಕ ನಡೆಯುತ್ತಿತ್ತು: ಹದಿನೈದು ಗಂಟು, ಇಪ್ಪತ್ತೊಂದನೆಯ ದಿನ, ತೊಟ್ಟಿಲು, ಬೆನ್ನು. ಕೂಡಿಸಿದಳು. "ಹಂಗಾದ್ರ ಮಾತಾಡೂದಿಲ್ಲ," ಎಂದು ಮುಖ ಗೋಡೆಗೆ ತಿರುಗಿಸಿದಳು.

ಮಾತಾಡಲಿಲ್ಲ. ನೀರು ಬೇಕಾದರೆ, "ಸಿಸ್ಟರ್, ಪಾಣಿ," ಎಂದು ವಾರ್ಡಿನಲ್ಲಿ ಕಲಿತ ಮರಾಠಿಯಲ್ಲಿ ಸಿಸ್ಟರ್ ಮಂಗಲಳನ್ನು ಕೇಳುವಳು. ಜಡೆಗೆ ತಲೆ ಒಡ್ಡುವಳು, ಬಾಯಿ ತೆರೆಯಳು. ಕಾಡವ್ವ ಡಬ್ಬಿ ಬಿಚ್ಚಿ ಪಕ್ಕದಲ್ಲಿ ಕೂತು, ಹಾಗೇ ಮುಚ್ಚುವಳು.

ಅಂದು ಮಧ್ಯಾಹ್ನ ಅವಳು ಸೌರಭನನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು. "ಡಾಕ್ಟರ, ನಿಮ್ಮ ಪೆಟಗಿ ಖರೇ ಹೇಳಿತ್ತು. ನನ್ನ ಅಂಕಿ ಹೊಡದ ಹಾಕ್ರಿ. ಗೊತ್ತಿದ್ದ ಹೇಳಿದ್ದು ಅದು."

"ಗೊತ್ತಿದ್ದು? ಕಾ, ಮಾವಶಿ?"

ಅವಳು ಹೇಳಿದಳು. ಮನೆ, ಮೊಮ್ಮಕ್ಕಳು, ನಿಚ್ಚಣಿಕಿ ಎಂಬ ಮಾತು. ಸೌರಭ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೇಳಿದ: "ಅಜ್ಜಾ ಹ್ವಾದ ಮ್ಯಾಲ ನಾ ಕನ್ನಡ ಯಾರ ಜೋಡಿ ಮಾತಾಡೇನಿ, ಸಾಂಗೂ, ಹೇಳಲಿ? ನಿಮ್ಮ ಜೋಡೀನ. ಅಂಕಿ ಕೇಳೂದು ಒಂದ್ ನಿಮಿತ್ತ್." ಆಮೇಲೆ ನಾಚಿ ಎದ್ದು, ಮುಕಾದಮನ ನಂಬರ್ ಇಸಿದುಕೊಂಡು ಹೋದ. ಎರಡು ದಿನ ಬಿಡದೆ ಫೋನು ಹೊಡೆದ. ಎರಡನೆಯ ದಿನದ ಸಂಜೆ ಫೋನು ಹತ್ತಿತು.

ಇಪ್ಪತ್ತೊಂದನೆಯ ದಿನ ಸತ್ಯಪ್ಪ ಔಷಧಿಯ ಬಣ್ಣ ಹತ್ತಿದ ಕೈಗಳಲ್ಲೇ ಓಡಿ ಬಂದ. ಸೊಂಟದಿಂದ ಪಾದದವರೆಗೆ ಪ್ಲಾಸ್ಟರು ಹಾಕಿದ ಹುಡುಗಿಯನ್ನು ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ. ಭೂಷಣ ರಿಕ್ಷಾ ತಂದ. ಕಾಡವ್ವ ರಜೆ ಹಾಕಿ ಜೊತೆಗೆ ಹತ್ತಿದಳು. ವಾರ್ಡಿನ ಬಾಗಿಲಲ್ಲಿ ಪ್ರಣಾಲಿ ಅವಳ ಕಡೆ ನೋಡದೆ, ಸ್ಪಷ್ಟವಾಗಿ, "ಹೊಕ್ಕೀನಿ," ಅಂದಳು. ಮಂಚಕ್ಕೆ ಹೇಳಿದಳೋ, ಗೋಡೆಗೆ ಹೇಳಿದಳೋ.

ಲಿಂಗನೂರಿನ ಮನೆಯಲ್ಲಿ ಬಾಣಂತಿ ಬಾಗಿಲಿನವರೆಗೆ ಬಂದು ನಿಂತಿದ್ದಳು. ಅಜ್ಜಿ ರೊಟ್ಟಿ ನಿವಾಳಿಸಿ ಎಸೆದಳು. ನಡುಮನೆಯ ಕೌದಿಯ ಮೇಲೆ ಪ್ರಣಾಲಿಯನ್ನು ಮಲಗಿಸಿ, ಪಕ್ಕದಲ್ಲಿ ಕೂಸನ್ನು ಮಲಗಿಸಿದರು. ಅವಳು ಒಂದು ಮಾತೂ ಆಡದೆ ತಮ್ಮನ ಮೂಗು ನೋಡಿದಳು, ಕಿವಿ ನೋಡಿದಳು, ದುಪ್ಪಟಿ ಸರಿಸಿ ಕಾಲ ಬೆರಳು ಎಣಿಸಿದಳು. ನೆತ್ತಿಯ ಮೇಲಿನ ಬೆಳಕಿಂಡಿಯಿಂದ ಬಿಸಿಲಿನ ದುಂಡು ತುಣುಕು ಇಬ್ಬರ ನಡುವೆ ಬಿದ್ದಿತ್ತು. ಕಾಡವ್ವ ಹೊಸ್ತಿಲ ಬಳಿ ಕೂತು ಅದನ್ನೇ ನೋಡಿದಳು.

"ಒಳಗ ಬರ್ರಿ, ಕುಂದ್ರಿ," ಅಜ್ಜಿ ಚಹಾ ತಂದಳು.

"ಕುಡಿಯೂಕಿಂತ ಮೊದಲ ಒಂದ್ ಮಾತ ಹೇಳೂದೈತ್ರಿ." ಕಾಡವ್ವ ಹೇಳಿದಳು. ಬಿಡದೆ, ಅಲಂಕರಿಸದೆ, ಹದಿನೆಂಟು ಗೊತ್ತಿದ್ದು ಮೂವತ್ತು ಹೇಳಿದ್ದನ್ನು. ಸತ್ಯಪ್ಪ ಬಾಯಿ ತೆರೆದು ಕೂತ. ಬಾಣಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಜ್ಜಿ ಬಟ್ಟಲನ್ನು ಠಣ್ಣೆಂದು ಕೆಳಗಿಟ್ಟಳು. "ಎಲಾ ಕಳ್ಳಿ. ನಾ ಹೋಳಿಗಿ ಮಾಡಿ, ಇಕಿಗೊಂದ ಎತ್ತಿಟ್ಟು, ಅದು ಬೂಸ್ಟ ಹಿಡಿಯೂ ಮಟಾ ದಾರಿ ಕಾದೇನಿ. ಕೋಳಿ ಕದಿಯೂರನ್ನ ಕಂಡಿದ್ನಿ, ದಿನಗಳನ್ನ ಕದಿಯೂರನ್ನ ಇವತ್ತ ಕಂಡೆ."

"ಬೈರಿ," ಕಾಡವ್ವ ಅಂದಳು. "ಇನ್ನಷ್ಟ ಬೈರಿ." ಕಣ್ಣಿನಿಂದ ನೀರು ಹರಿಯುತ್ತಿತ್ತು. ಲಗಮಣ್ಣ ಹೋದ ಮೇಲೆ ಇಷ್ಟು ಸ್ವಚ್ಛವಾದ ಕನ್ನಡದಲ್ಲಿ ಅವಳನ್ನು ಯಾರೂ ಬೈದಿರಲಿಲ್ಲ.

ಆಗ ಕೌದಿಯ ಮೇಲಿಂದ ಮೂರು ದಿನದ ಮೇಲೆ ಮೊದಲ ಸಲ ಕಾಡವ್ವನಿಗೆಂದೇ ಕನ್ನಡದ ಮಾತು ಬಂತು. "ಇಲ್ಲಿ ಬಾ."

ಕಾಡವ್ವ ಹತ್ತಿರ ಹೋದಳು.

"ಬಗ್ಗು. ಇವನ ಕಿವ್ಯಾಗ ಹೆಸರ ಹೇಳು."

"ಹೆಸರ ಇಟ್ಟಾಗೇತಲ್ಲವ್ವ."

"ನಾ ಇದ್ದಾಗ ಇಟ್ಟಿಲ್ಲ. ಬಗ್ಗು."

ಕಾಡವ್ವ ಮೊಣಕಾಲೂರಿ, ಹಾಲಿನ ವಾಸನೆಯ ಆ ಪುಟ್ಟ ಕಿವಿಯ ಮೇಲೆ ಬಗ್ಗಿದಳು. "ಕುರ್ರ್, ಬಾಳೂ," ಅಂದಳು. ಬೆನ್ನ ಮೇಲೆ ಗುದ್ದು ಬಿತ್ತು. ಒಂದಲ್ಲ. ಪ್ರಣಾಲಿ ಮಲಗಿದ್ದಲ್ಲಿಂದಲೇ ಹಲ್ಲು ಕಚ್ಚಿ, ತನ್ನ ಪಾಲಿನದನ್ನೂ, ಕಾದ ದಿನಗಳದನ್ನೂ ಸೇರಿಸಿ ಗುದ್ದಿದಳು. ನೋಯುತ್ತಿತ್ತು. ಕಾಡವ್ವ ಏಳಲಿಲ್ಲ. ಕೈ ಸೋತು ಹುಡುಗಿಯೇ ನಿಲ್ಲಿಸಿದಳು, ಮತ್ತು ಆ ಕೈಯನ್ನು ಅವಳ ಬೆನ್ನ ಮೇಲಿಂದ ತೆಗೆಯದೆ ಅಲ್ಲೇ ಬಿಟ್ಟಳು.

ಚಹಾ ಆರಿಹೋಗಿತ್ತು. ಅಜ್ಜಿ ಬೈಯುತ್ತಲೇ ಮತ್ತೆ ಕಾಸಿ ಕೊಟ್ಟಳು.

ಹೊರಗೆ ಭೂಷಣ ರಿಕ್ಷಾ ತಿರುಗಿಸಿ ನಿಲ್ಲಿಸಿದ. ಕಾಡವ್ವ ಎದ್ದಳು. ಬಾಗಿಲಲ್ಲಿ ತಡೆದಳು. ಇಲ್ಲಿ ಮಲಗಿರುವವಳು ಮಗು, ಹೊರಡುವವಳು ತಾನು. ಇದು ವಾರ್ಡೂ ಅಲ್ಲ. "ಹೋಗಿ ಬರ್ತೀನಿ," ಅಂದಳು. ಮೂವತ್ತು ವರ್ಷ ಮಕ್ಕಳ ಬಾಯಿಯಲ್ಲಿ ಮುಚ್ಚಿಟ್ಟ ಮಾತು ಅದು.

"ಎಷ್ಟ್ ದಿನಕ್ಕ?" ಪ್ರಣಾಲಿ ಕೇಳಿದಳು. ದನಿಯಲ್ಲಿ ಇನ್ನೂ ಸಿಟ್ಟಿತ್ತು.

ಕಾಡವ್ವ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ಕೆಲಸ ಇನ್ನು ಹದಿಮೂರು ದಿನ. ಮಿರಜಿನಿಂದ ಮುಂಜಾನೆಯ ಬಸ್ಸಿದೆ. ಬಸ್ ನಿಲ್ದಾಣದಿಂದ ಈ ಮನೆಗೆ ತನ್ನ ಮೊಣಕಾಲಿಗೆ ಅರ್ಧ ಗಂಟೆ. ನಡುವೆ ಬೀಳುವ ಅಮಾವಾಸ್ಯೆ ಅಂದಿನ ದಿನಕ್ಕೆ ಅಡ್ಡ ಬರುವುದಿಲ್ಲ. "ಹದಿನಾಕು," ಅಂದಳು.

ಸೊಂಟಕ್ಕೆ ಸಿಕ್ಕಿಸಿದ್ದ ಹಳೆಯ ಪಟ್ಟಿಯನ್ನು ತೆಗೆದಳು. ಬಿಚ್ಚಿದ ಗಂಟುಗಳ ಸುಕ್ಕು ಅದರ ಮೇಲೆ ಹಾಗೇ ಇತ್ತು. ಹೊಸ್ತಿಲ ಮೇಲೆ ಕೂತು ಒಂದೊಂದೇ ಗಂಟು ಹಾಕಿ, ತಂದು ಹುಡುಗಿಯ ಕೈಗೆ ಕೊಟ್ಟಳು. ಪ್ರಣಾಲಿ ಎಣಿಸಿದಳು. ಅನುಮಾನ ಬಂದು ಮತ್ತೊಮ್ಮೆ ಎಣಿಸಿದಳು.

ರಿಕ್ಷಾ ಹೊರಟಾಗ ಒಳಗಿನಿಂದ ಅವಳು ಮೂರನೆಯ ಸಲ, ಈಗ ತಮ್ಮನಿಗೆ ಕೇಳುವಂತೆ, ಜೋರಾಗಿ ಎಣಿಸತೊಡಗಿದ್ದಳು. ಓಣಿ ತಿರುಗುವ ತನಕ ಕಾಡವ್ವನಿಗೆ ಒಂಬತ್ತರವರೆಗೆ ಕೇಳಿಸಿತು.